ಕಯೋಟಿ ಬೇಟೆಗೆ ಅಗ್ಗದ ರೈಫಲ್: ಅಮೆರಿಕದ ಕುರಿಗಾಹಿಯ ಲೆಕ್ಕಾಚಾರ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕುರಿಗಳು ಮರಿ ಹಾಕುವ ಕಾಲವೆಂದರೆ ಸಾಕಣೆದಾರನಿಗೆ ನಿದ್ದೆಗೇಡಿನ ಕಾಲ. ಸಂಜೆ ಎಣಿಸಿ ಬಿಟ್ಟ ಮರಿಗಳಲ್ಲಿ ಬೆಳಗಾಗುವಷ್ಟರಲ್ಲಿ ಒಂದೆರಡು ಕಾಣೆಯಾಗಿರುತ್ತವೆ. ಸಿಕ್ಕ ಕಳೇಬರದ ಗಂಟಲಲ್ಲಿ ಹಲ್ಲು ನಾಟಿದ ಗುರುತು. ಅಪರಾಧಿ ಬಹುಪಾಲು ಕಯೋಟಿ. ಅಮೆರಿಕದ ಕೃಷಿ ಇಲಾಖೆಯ 2014ರ ಅಂಕಿಅಂಶದ ಪ್ರಕಾರ, ಆ ವರ್ಷ ಕಾಡುಪ್ರಾಣಿಗಳ ಬಾಯಿಗೆ ಹೋದ ಕುರಿ ಮತ್ತು ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಒಂದೇ ಪ್ರಾಣಿಯ ಪಾಲಾಗಿದ್ದವು. ನೂರಿನ್ನೂರು ಕುರಿ ಇಟ್ಟುಕೊಂಡು ಬದುಕುವ ಸಣ್ಣ ಹಿಡುವಳಿದಾರ ಆಗ ಬಂದೂಕಿನ ಅಂಗಡಿಯ ಕಡೆ ನೋಡುವುದು ಸಹಜ. ಅಲ್ಲಿ ಗೋಡೆಯುದ್ದಕ್ಕೂ ಸಾಲಾಗಿ ನಿಂತ ನೂರಾರು ರೈಫಲ್‌ಗಳಲ್ಲಿ ಯಾವುದನ್ನು ಆರಿಸಬೇಕು, ಎಷ್ಟು ಹಣ ತೆರಬೇಕು ಎಂಬುದು ಮುಂದಿನ ಪ್ರಶ್ನೆ.

ಕಯೋಟಿ ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಪಶ್ಚಿಮದಲ್ಲಿ ಅದರ ತೂಕ ಸಾಮಾನ್ಯವಾಗಿ 9ರಿಂದ 16 ಕೆ.ಜಿ. ಮೆಕ್ಸಿಕೋದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಅದಕ್ಕೆ ಈ ಹೆಸರು ಬಂತು. ಕೋವಿ, ಬೋನು, ವಿಷ ಎಲ್ಲವನ್ನೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಪ್ರಯೋಗಿಸಿದ ಮೇಲೂ ಅದು ನಶಿಸಲಿಲ್ಲ. ತೋಳಗಳು ಅಳಿದು ತೆರವಾದ ಜಾಗಕ್ಕೆಲ್ಲ ತಾನೇ ಹರಡಿತು. ಇಂದು ಹವಾಯಿಯೊಂದನ್ನು ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅದಿದೆ. ಶಿಕಾಗೋ ನಗರದೊಳಗೇ ಮರಿ ಹಾಕಿ ಸಾಕುತ್ತಿದೆ.

ತೋಟೆಯೇ ಮೊದಲ ನಿರ್ಧಾರ

ಅನುಭವಸ್ಥ ಬೇಟೆಗಾರರು ರೈಫಲ್‌ನ ಹೆಸರಿಗಿಂತ ಮೊದಲು ಅದು ಸುಡುವ ತೋಟೆಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಮೊಲ, ಅಳಿಲಿಗೆ ಸಾಕೆನಿಸುವ .22 ರಿಮ್‌ಫೈರ್ ತೋಟೆ ಕಯೋಟಿಗೆ ಸಾಲದು. ಕಡಿಮೆ ಬೆಲೆ ನೋಡಿ ಅದನ್ನು ಕೊಂಡವರು ಪ್ರಾಣಿಯನ್ನು ಗಾಯಗೊಳಿಸಿ ಪೊದೆಗೆ ಅಟ್ಟುವುದೇ ಹೆಚ್ಚು. ಗಾಯಗೊಂಡ ಕಯೋಟಿ ದಿನಗಟ್ಟಲೆ ನರಳುತ್ತದೆ, ಅತ್ತ ಕುರಿಯೂ ಉಳಿಯುವುದಿಲ್ಲ. ಉಳಿತಾಯ ಮಾಡಬಾರದ ಜಾಗ ಇದು.

ಬಹುಮಂದಿಯ ಆಯ್ಕೆ .223 ರೆಮಿಂಗ್ಟನ್. 1960ರ ದಶಕದಲ್ಲಿ ಅಮೆರಿಕದ ಸೇನೆಯ ಎಂ-16 ರೈಫಲ್ ಜೊತೆಯಲ್ಲೇ ಬೆಳೆದು ಬಂದ ತೋಟೆ ಇದು. ಅದರ 55 ಗ್ರೇನ್ ಗುಂಡು, ಅಂದರೆ ಸುಮಾರು ಮೂರೂವರೆ ಗ್ರಾಂ ಲೋಹ, ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ 3,200 ಅಡಿಯ ಆಸುಪಾಸಿನ ವೇಗದಲ್ಲಿರುತ್ತದೆ. ಹಿಂದೊದೆತ ಅತ್ಯಲ್ಪ; ಆದ್ದರಿಂದ ಗುಂಡು ತಗುಲಿದ್ದನ್ನು ಸ್ಕೋಪಿನಲ್ಲೇ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸೇನೆಗೂ ನಾಗರಿಕರಿಗೂ ಕೋಟಿಗಟ್ಟಲೆ ತಯಾರಾಗುವುದರಿಂದ ಅದರ ಬೆಲೆ ಇತರ ತೋಟೆಗಳಿಗಿಂತ ಕಡಿಮೆ. ಬೇಟೆಯಲ್ಲಿ ವರ್ಷಕ್ಕೆ ಹತ್ತು ಗುಂಡು ಖರ್ಚಾದರೆ ಅಭ್ಯಾಸದಲ್ಲಿ ಇನ್ನೂರು ಖರ್ಚಾಗುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ರೈಫಲ್‌ನ ಬೆಲೆ ಒಮ್ಮೆ ಕೊಡುವಂಥದ್ದು, ತೋಟೆಯ ಬೆಲೆ ಜೀವನಪೂರ್ತಿ ಕೊಡುವಂಥದ್ದು.

ಇದರ ಪ್ರತಿಸ್ಪರ್ಧಿ .22-250 ರೆಮಿಂಗ್ಟನ್. ಅದೇ ತೂಕದ ಗುಂಡನ್ನು ಸೆಕೆಂಡಿಗೆ 3,600 ಅಡಿಗೂ ಮೀರಿದ ವೇಗದಲ್ಲಿ ಎಸೆಯುತ್ತದೆ. ವ್ಯೋಮಿಂಗ್, ಮೊಂಟಾನಗಳ ಬಟಾಬಯಲಿನಲ್ಲಿ ಮುನ್ನೂರು ಗಜ ಆಚೆಯ ಪ್ರಾಣಿಗೆ ಗುರಿಯಿಡುವವರಿಗೆ ಇದು ಅಚ್ಚುಮೆಚ್ಚು. ಆದರೆ ಮದ್ದು ಹೆಚ್ಚು ಸುಡುತ್ತದೆ, ನಳಿಗೆ ಬೇಗ ಸವೆಯುತ್ತದೆ, ತೋಟೆಯೂ ದುಬಾರಿ.

ಮೂರನೆಯದು 1955ರಲ್ಲಿ ಬಂದ .243 ವಿಂಚೆಸ್ಟರ್. ಕಯೋಟಿಗೆ ಇದು ಅಗತ್ಯಕ್ಕಿಂತ ಹೆಚ್ಚೇ. ತುಪ್ಪಳ ಮಾರುವವರಿಗಂತೂ ಚರ್ಮ ಹರಿದು ನಷ್ಟ. ಆದರೂ ಇದರ ಪರವಾಗಿ ಒಂದು ಬಲವಾದ ವಾದವಿದೆ: ಕೊಲೊರಾಡೋದಂಥ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ .24ಕ್ಕಿಂತ ಸಣ್ಣ ಕ್ಯಾಲಿಬರ್ ಬಳಸುವಂತಿಲ್ಲ. ಒಂದೇ ರೈಫಲ್ ಕೊಳ್ಳುವ ಶಕ್ತಿಯಿರುವ ಕುಟುಂಬಕ್ಕೆ ಕುರಿ ಕಾಯಲೂ, ಚಳಿಗಾಲಕ್ಕೆ ಮಾಂಸ ತರಲೂ ಇದೊಂದೇ ಸಾಕಾಗುತ್ತದೆ.

ಅಗ್ಗವಾದದ್ದು ಹೇಗೆ?

ಒಂದು ಕಾಲಕ್ಕೆ ಅಗ್ಗದ ರೈಫಲ್ ಎಂದರೆ ಗುರಿ ತಪ್ಪುವ ರೈಫಲ್ ಎಂದೇ ಅರ್ಥ. ಈ ಮಾತನ್ನು ಸುಳ್ಳಾಗಿಸಿದ್ದು ತಯಾರಿಕೆಯ ತಂತ್ರದಲ್ಲಾದ ಬದಲಾವಣೆ. ನಳಿಗೆಯನ್ನು ರೈಫಲ್‌ನ ಮೈಗೆ ಕೂರಿಸುವಾಗ ತೋಟೆ ನಿಲ್ಲುವ ಅಂತರ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು. ಹಿಂದೆ ನುರಿತ ಕುಶಲಕರ್ಮಿ ಒಂದೊಂದನ್ನೂ ಕೈಯಿಂದ ಹೊಂದಿಸಬೇಕಿತ್ತು. ಸ್ಯಾವೇಜ್ ಕಂಪನಿ 1958ರಲ್ಲಿ ಹೊರತಂದ 110 ಮಾದರಿಯಲ್ಲಿ ನಳಿಗೆಗೆ ಒಂದು ನಟ್ಟು ತೊಡಿಸಿ, ಅಳತೆಗೋಲಿಟ್ಟು ಬಿಗಿಯುವ ಸರಳ ಕ್ರಮ ತಂದಿತು. ಇಂದಿನ ಅಗ್ಗದ ರೈಫಲ್‌ಗಳಲ್ಲಿ ಹೆಸರು ಮಾಡಿರುವ ಸ್ಯಾವೇಜ್ ಆ್ಯಕ್ಸಿಸ್ ಮತ್ತು ರೂಗರ್ ಅಮೆರಿಕನ್ ಎರಡೂ ಅದೇ ತಂತ್ರವನ್ನು ಅನುಸರಿಸಿವೆ. ಜೊತೆಗೆ ಆಕ್ರೋಟ ಮರದ ಹಿಡಿಯ ಬದಲು ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಹಿಡಿ ಬಂತು. ನೋಟಕ್ಕೆ ಆಟಿಕೆಯಂತಿದ್ದರೂ ಮಳೆಗೆ ಉಬ್ಬುವುದಿಲ್ಲ.

ಇವೆರಡೂ, ಮಾಸ್‌ಬರ್ಗ್ ಪೇಟ್ರಿಯಟ್‌ನಂಥ ಸರೀಕರೂ ಸ್ಥೂಲವಾಗಿ 400ರಿಂದ 600 ಡಾಲರ್ ಮಿತಿಯೊಳಗೆ ಸಿಗುತ್ತವೆ. ಹೆಸರಾಂತ ಹಳೆಯ ಮಾದರಿಗಳಿಗೆ ಸಾವಿರ ಡಾಲರ್ ದಾಟುವುದು ಮಾಮೂಲು. ಹೆಚ್ಚು ಹಣಕ್ಕೆ ಸಿಗುವುದು ಮುಖ್ಯವಾಗಿ ನಯವಾದ ಬೋಲ್ಟ್, ಹಗುರ ಟ್ರಿಗರ್, ಒಳ್ಳೆಯ ಮರ. ನೂರು ಗಜದಲ್ಲಿ ಮೂರು ಗುಂಡುಗಳನ್ನು ಒಂದು, ಒಂದೂವರೆ ಇಂಚಿನೊಳಗೆ ಇಡುವ ಕೆಲಸವನ್ನು ಅಗ್ಗದವೂ ಮಾಡುತ್ತವೆ. ಕಯೋಟಿಯ ಎದೆಯ ಮರ್ಮಸ್ಥಾನ ಅಂಗೈಯಗಲ ಇರುವುದರಿಂದ ಅಷ್ಟು ನಿಖರತೆ ಧಾರಾಳ ಸಾಕು. ಅಗ್ಗದ ಮಾದರಿಗಳಲ್ಲಿ ನಿಜವಾಗಿ ಪರೀಕ್ಷಿಸಬೇಕಾದದ್ದು ಟ್ರಿಗರ್. ಬಿಗಿಯಾದ ಟ್ರಿಗರ್ ಎಳೆಯುವಷ್ಟರಲ್ಲಿ ಗುರಿ ಕದಲಿಬಿಡುತ್ತದೆ. ಆ್ಯಕ್ಸಿಸ್‌ನ ಮೊದಲ ಮಾದರಿಯ ಮೇಲಿದ್ದ ದೂರು ಇದೇ. ಆ್ಯಕ್ಸಿಸ್-2ರಲ್ಲಿ ಬಳಸುವವನೇ ಸರಿಹೊಂದಿಸಿಕೊಳ್ಳಬಹುದಾದ ಟ್ರಿಗರ್ ಬಂತು.

ನಳಿಗೆಯೊಳಗಿನ ಸುರುಳಿಗೆರೆಯತ್ತಲೂ ಒಮ್ಮೆ ಗಮನ ಹರಿಸಬೇಕು. ಒಂಬತ್ತು ಇಂಚಿಗೆ ಒಂದು ಸುತ್ತು ತಿರುಗುವ .223 ನಳಿಗೆಗೆ 55 ಗ್ರೇನ್ ಗುಂಡು ಚೆನ್ನಾಗಿ ಒಪ್ಪುತ್ತದೆ. ಒಂದೇ ಕಂಪನಿಯ ಎರಡು ನಳಿಗೆಗಳು ಕೂಡ ಬೇರೆ ಬೇರೆ ಗುಂಡನ್ನು ಇಷ್ಟಪಡುವುದುಂಟು. ಹಾಗಾಗಿ ಒಂದೇ ಬಗೆಯ ಹತ್ತು ಪೆಟ್ಟಿಗೆ ಕೊಳ್ಳುವ ಮುನ್ನ ಮೂರು ಬಗೆಯ ಒಂದೊಂದು ಪೆಟ್ಟಿಗೆ ಸುಟ್ಟು ನೋಡುವುದು ಜಾಣತನ. ಕಾಗದದ ಗುರಿಗಿಂತ ಒಳ್ಳೆಯ ಸಲಹೆಗಾರ ಮತ್ತೊಬ್ಬನಿಲ್ಲ. ಅಂಗಡಿಯವನಂತೂ ಅಲ್ಲ.

ಕಯೋಟಿ ಬೇಟೆಯ ರೀತಿಯೂ ರೈಫಲ್ ಆಯ್ಕೆಯಲ್ಲಿ ಮಾತಾಡುತ್ತದೆ. ನೋವಿನಲ್ಲಿರುವ ಮೊಲದ ಕೂಗನ್ನು ಅನುಕರಿಸುವ ಪೀಪಿ ಊದಿ ಬೇಟೆಗಾರ ಪೊದೆಯ ಮರೆಯಲ್ಲಿ ಕೂರುತ್ತಾನೆ. ಕಯೋಟಿ ನೇರವಾಗಿ ಬಾರದೆ, ಮೂಸಿ ನೋಡಲು ಗಾಳಿ ಬೀಸುವ ದಿಕ್ಕಿನ ಕೆಳಬದಿಗೆ ಸುತ್ತು ಹಾಕಿ ಬರುತ್ತದೆ. ಹೆಚ್ಚಿನ ಗುಂಡುಗಳು ಇನ್ನೂರು ಗಜದೊಳಗೇ ಹಾರುತ್ತವೆ. ಒಂದು ಜಾಗದಲ್ಲಿ ಬಾರದಿದ್ದರೆ ಮೈಲಿ ದೂರ ನಡೆದು ಇನ್ನೊಂದು ಜಾಗ ಹಿಡಿಯಬೇಕು. ಮೂರು ಕೆ.ಜಿ. ರೈಫಲ್‌ಗೂ ನಾಲ್ಕೂವರೆ ಕೆ.ಜಿ. ರೈಫಲ್‌ಗೂ ಇರುವ ವ್ಯತ್ಯಾಸ ಅಲ್ಲಿ ಹೆಗಲಿಗೆ ತಿಳಿಯುತ್ತದೆ.

ಸೀಸ, ಕಾನೂನು ಮತ್ತು ವೀಸಾ

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕಾಚಾರ ಬೇರೆ. ಸತ್ತ ಪ್ರಾಣಿಯ ದೇಹದಲ್ಲಿ ಉಳಿದ ಸೀಸದ ಚೂರು ತಿಂದು ಅಳಿವಿನಂಚಿನ ಕಾಂಡೋರ್ ಹದ್ದುಗಳು ಸಾಯುತ್ತಿದ್ದವು. 2013ರಲ್ಲಿ ಅಂಗೀಕಾರವಾದ ಕಾನೂನಿನಂತೆ 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಯಾವ ವನ್ಯಜೀವಿಯನ್ನು ಕೋವಿಯಿಂದ ಕೊಲ್ಲಲೂ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದ ಗುಂಡು ದುಬಾರಿ. ಅಗ್ಗದ ರೈಫಲ್ ಕೊಂಡವನು ಈ ವೆಚ್ಚವನ್ನೂ ಕೂಡಿಸಿಕೊಳ್ಳಬೇಕು.

ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯುಂಟು. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ತೊಡಕಿಲ್ಲ. ಸ್ನೇಹಿತನ ರೈಫಲ್ ಹಿಡಿದು ಹೊಲಕ್ಕೆ ಹೋಗುವ ಮುನ್ನ ಇದನ್ನು ವಕೀಲರಲ್ಲಿ ಕೇಳಿ ತಿಳಿಯುವುದು ಕ್ಷೇಮ.

ಸುಟ್ಟರೆ ಕುರಿ ಉಳಿಯುವುದೇ?

ಇಷ್ಟೆಲ್ಲ ಆಗಿಯೂ ಮೂಲ ಪ್ರಶ್ನೆ ಉಳಿದೇ ಇದೆ. ಕೃಷಿ ಇಲಾಖೆಯ ಅಧೀನದ ವನ್ಯಜೀವಿ ಸೇವಾ ವಿಭಾಗ 2020ರ ಒಂದೇ ವರ್ಷದಲ್ಲಿ 60 ಸಾವಿರಕ್ಕೂ ಹೆಚ್ಚು ಕಯೋಟಿಗಳನ್ನು ಕೊಂದಿತು. ಸಂತತಿ ಮಾತ್ರ ಕುಗ್ಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳು ಕುತೂಹಲಕರ ಸಂಗತಿಯನ್ನು ಹೊರಗೆಡವಿದವು: ಕುರಿಗಳನ್ನು ಮುಖ್ಯವಾಗಿ ಕೊಲ್ಲುತ್ತಿದ್ದುದು ಆ ಪ್ರದೇಶವನ್ನು ಆಳುವ, ಸಂತಾನವಿರುವ ಜೋಡಿಗಳು. ಪೀಪಿಯ ಕೂಗಿಗೆ ಮೋಸಹೋಗಿ ಗುಂಡಿಗೆ ಸಿಗುವುದು ಅನೇಕ ವೇಳೆ ಅನನುಭವಿ ಮರಿಗಳು. ಅಂದರೆ ಗುಂಡು ತಗುಲಿದ್ದು ಕುರಿ ಕದ್ದ ಕಯೋಟಿಗೇ ಎಂಬ ಖಾತ್ರಿ ಇಲ್ಲ. ಕುರಿಯ ಗೊಡವೆಗೆ ಬಾರದ ಜೋಡಿಯನ್ನು ಕೊಂದರೆ ಅದರ ಜಾಗಕ್ಕೆ ಕುರಿ ತಿನ್ನುವ ಜೋಡಿ ಬರಲೂಬಹುದು.

ಬಹುಮಾನಕ್ಕಾಗಿ ಕಯೋಟಿ ಕೊಲ್ಲುವ ಸ್ಪರ್ಧೆಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ ನಿಷೇಧಿಸಿತು; ವರ್ಮಾಂಟ್, ನ್ಯೂಮೆಕ್ಸಿಕೋ ಮೊದಲಾದವು ಬಳಿಕ ಅದೇ ದಾರಿ ಹಿಡಿದವು. ತನ್ನ ಕುರಿ ರಕ್ಷಿಸಿಕೊಳ್ಳುವ ರೈತನ ಹಕ್ಕಿಗೆ ಇವು ಅಡ್ಡಿಯಲ್ಲ. ಆದರೆ ಅನೇಕ ಸಾಕಣೆದಾರರು ಈಗ ರೈಫಲ್‌ಗೆ ಮೊದಲು ಗ್ರೇಟ್ ಪಿರನೀಸ್ ತಳಿಯ ಕಾವಲು ನಾಯಿ ಮತ್ತು ವಿದ್ಯುತ್ ಬೇಲಿಗೆ ಹಣ ಹಾಕುತ್ತಿದ್ದಾರೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿ 2000ದ ಸುಮಾರಿಗೆ ಸರ್ಕಾರಿ ಬೋನುಗಾರರಿಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿ, ನಾಯಿ ಮತ್ತು ಬೇಲಿಗೆಂದು ಸಾಕಣೆದಾರರ ಕೈಗೇ ಕೊಡತೊಡಗಿತು. ಆ ನಾಯಿಗೆ ದಿನವೂ ಹೊಟ್ಟೆಗೆ ಹಾಕಬೇಕು. 500 ಡಾಲರ್ ರೈಫಲ್‌ಗೆ ವರ್ಷಕ್ಕೊಮ್ಮೆ ಎಣ್ಣೆ ಸವರಿದರೆ ಸಾಕು. ಸಣ್ಣ ಹಿಡುವಳಿದಾರ ತೂಗಿ ನೋಡುತ್ತಿರುವುದು ಈ ಎರಡನ್ನೇ.