ಲೋಹದ ದಣಿವು

ತಂತಿಯೊಂದನ್ನು ಕೈಯಿಂದ ಎಳೆದು ತುಂಡರಿಸುವುದು ಬಲಶಾಲಿಗೂ ಕಷ್ಟ. ಅದನ್ನೇ ಒಂದೆಡೆಯಲ್ಲಿ ಹಿಂದಕ್ಕೂ ಮುಂದಕ್ಕೂ ಪದೇ ಪದೇ ಬಾಗಿಸಿದರೆ ಮಕ್ಕಳ ಕೈಯಲ್ಲಿಯೂ ಅದು ಮುರಿಯುತ್ತದೆ. ಒಮ್ಮೆ ಬಂದ ದೊಡ್ಡ ಭಾರವನ್ನು ತಾಳಿಕೊಂಡ ಲೋಹವು ಮರಳಿ ಮರಳಿ ಬರುವ ಸಣ್ಣ ಭಾರಕ್ಕೆ ಸೋಲುವುದುಂಟು. ಇದನ್ನೇ ಶಾಸ್ತ್ರಜ್ಞರು ಲೋಹದ ದಣಿವೆನ್ನುತ್ತಾರೆ. ಮನುಷ್ಯನ ದಣಿವು ವಿಶ್ರಾಂತಿಯಿಂದ ಕಳೆಯುತ್ತದೆ. ಲೋಹದ ದಣಿವಾದರೋ ಕೂಡುತ್ತಲೇ ಹೋಗುತ್ತದೆ.

ಇದರ ಘೋರ ಪರಿಣಾಮವು ಕಾಮೆಟ್ ವಿಮಾನದ ಚರಿತ್ರೆಯಿಂದ ತಿಳಿದುಬರುತ್ತದೆ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಸಂಸ್ಥೆಯು ನಿರ್ಮಿಸಿದ ಈ ಜೆಟ್ ವಿಮಾನವು 1952ನೆಯ ಮೇ ತಿಂಗಳಿನಲ್ಲಿ ಪ್ರಯಾಣಿಕರನ್ನು ಒಯ್ಯಲಾರಂಭಿಸಿತು. ಪ್ರಪಂಚದಲ್ಲಿ ಅಂತಹ ಸೇವೆಗೆ ಅದೇ ಮೊದಲು. 1954ನೆಯ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು, ಏಪ್ರಿಲ್ ತಿಂಗಳಿನಲ್ಲಿ ನೇಪಲ್ಸಿನ ಬಳಿ ಇನ್ನೊಂದು, ಹೀಗೆ ಎರಡು ಕಾಮೆಟ್‌ಗಳು ಆಕಾಶದಲ್ಲಿಯೇ ಒಡೆದು ಸಮುದ್ರದ ಪಾಲಾದುವು. ಮೊದಲನೆಯದರಲ್ಲಿ 35 ಜನರೂ ಎರಡನೆಯದರಲ್ಲಿ 21 ಜನರೂ ಮಡಿದರು.

ಬಹಳ ಎತ್ತರದಲ್ಲಿ ಗಾಳಿಯು ವಿರಳವಾಗಿರುವುದರಿಂದ ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಬೇಕಾಗುತ್ತದೆ. ಪ್ರತಿ ಹಾರಾಟದಲ್ಲಿಯೂ ವಿಮಾನದ ಒಡಲು ಒಮ್ಮೆ ಉಬ್ಬಿ ಮತ್ತೆ ಕುಗ್ಗುತ್ತದೆ. ಫಾರ್ನ್‌ಬರೋ ನಗರದ ಸಂಶೋಧಕರು ಸರ್ ಆರ್ನಲ್ಡ್ ಹಾಲ್ ಅವರ ನೇತೃತ್ವದಲ್ಲಿ ಒಂದು ಕಾಮೆಟ್ ವಿಮಾನದ ಒಡಲನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಒತ್ತಡವನ್ನು ಏರಿಸುತ್ತ ಇಳಿಸುತ್ತ ಬಂದರು. ನೀರು ಗಾಳಿಯಂತೆ ಹಿಗ್ಗಿ ಸ್ಫೋಟಿಸುವುದಿಲ್ಲವಾದ್ದರಿಂದ, ಬಿರುಕು ಎಲ್ಲಿ ಹುಟ್ಟಿತೆಂಬುದು ನಾಶವಾಗದೆ ಉಳಿಯುತ್ತದೆ. ಹಿಂದೆ ಹಾರಿದ್ದುದನ್ನೂ ಸೇರಿಸಿ ಒಟ್ಟು 3,057 ಸಲ ಉಬ್ಬಿ ಕುಗ್ಗಿದ ಮೇಲೆ ಆ ಒಡಲು ಕಿಟಕಿಯೊಂದರ ಮೂಲೆಯಿಂದ ಸೀಳಿಕೊಂಡಿತು. ಆ ಮೂಲೆಗಳಲ್ಲಿ ಲೋಹದ ಮೇಲಿನ ಎಳೆತವು ನಿರ್ಮಾಪಕರು ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿದ್ದಿತು.

ಹಾಗಾದರೆ ನಿರ್ಮಾಪಕರು ಮೊದಲೇ ಪರೀಕ್ಷಿಸಲಿಲ್ಲವೇ ಎಂದು ವಾಚಕರು ಕೇಳಬಹುದು. ಪರೀಕ್ಷಿಸಿದ್ದರು; ಒಡಲಿನ ಒಂದು ಭಾಗವು 15,000ಕ್ಕಿಂತಲೂ ಹೆಚ್ಚು ಸಲ ಒತ್ತಡವನ್ನು ತಾಳಿದ್ದಿತು. ಆದರೆ ಅದೇ ಭಾಗವನ್ನು ಅದಕ್ಕೆ ಮುಂಚೆ, ಬಲವನ್ನು ನೋಡುವುದಕ್ಕಾಗಿ, ವಾಡಿಕೆಯ ಒತ್ತಡದ ಸುಮಾರು ಎರಡರಷ್ಟಕ್ಕೆ ಒಳಪಡಿಸಲಾಗಿತ್ತು. ಅದರಿಂದ ಮೂಲೆಗಳ ಲೋಹವು ಸ್ವಲ್ಪ ಹಿಗ್ಗಿ, ಮುಂದಿನ ದಣಿವನ್ನು ಹೆಚ್ಚು ತಡೆಯುವಂತಾಯಿತು. ಪ್ರಯಾಣಿಕರು ಕುಳಿತ ವಿಮಾನಗಳಿಗೆ ಆ ಸಂಸ್ಕಾರವಾಗಿರಲಿಲ್ಲ. ಪರೀಕ್ಷೆಯಲ್ಲಿ ಮೋಸವಿರಲಿಲ್ಲ, ಪರೀಕ್ಷಿಸಿದ ವಸ್ತುವೇ ಬೇರೆಯಾಗಿದ್ದಿತು.

ಈಗ ಇಂತಹ ಎಳೆತವನ್ನು ಗಣಕಯಂತ್ರವು ಲೆಕ್ಕಹಾಕುತ್ತದೆ. ಒಡಲನ್ನು ಕಲ್ಪನೆಯಲ್ಲಿ ಸಾವಿರಾರು ಸಣ್ಣ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದು ತುಂಡು ನೆರೆಯ ತುಂಡನ್ನು ಎಷ್ಟು ತಳ್ಳುವುದು, ಎಷ್ಟು ಎಳೆಯುವುದು ಎಂಬುದನ್ನು ಅದು ಬಿಡಿಸುತ್ತದೆ. ಅಮೆರಿಕದ ಎಂಜಿನಿಯರುಗಳು 1956ರಲ್ಲಿ ಪ್ರಕಟಿಸಿದ ಈ ಕ್ರಮಕ್ಕೆ, ಅವರಲ್ಲೊಬ್ಬರಾದ ರೇ ಕ್ಲಫ್ 1960ರಲ್ಲಿ ಇಂದಿನ ಹೆಸರಿಟ್ಟರು. ಕಿಟಕಿಯ ಮೂಲೆಯಂತಹ ಇಕ್ಕಟ್ಟಿನ ಸ್ಥಳಗಳಲ್ಲಿ ತುಂಡುಗಳನ್ನು ಇನ್ನೂ ಚಿಕ್ಕವಾಗಿಸಿದರೆ ಅಡಗಿದ ಎಳೆತವು ಬೆಳಕಿಗೆ ಬರುತ್ತದೆ.

ಆದರೂ ಲೋಹವು ಎಷ್ಟು ಬಾಗುವುದು, ಯಾವಾಗ ಬಿರಿಯುವುದು ಎಂಬ ಮೂಲಸಂಖ್ಯೆಗಳನ್ನು ಯಂತ್ರವು ತಾನಾಗಿ ಅರಿಯದು. ಅವು ಪ್ರಯೋಗಶಾಲೆಯಲ್ಲಿ ನಿಜವಾದ ಲೋಹವನ್ನು ಮುರಿದೇ ದೊರೆಯತಕ್ಕವು. ಆದುದರಿಂದಲೇ ಹೊಸ ಪ್ರಯಾಣಿಕ ವಿಮಾನಗಳಲ್ಲಿ ಒಂದನ್ನು ನೆಲದ ಮೇಲೆಯೇ ನಿಲ್ಲಿಸಿ, ಸಾವಿರಾರು ಹಾರಾಟಗಳ ಭಾರವನ್ನು ಅದರ ಮೇಲೆ ಹೇರಿ ನೋಡುವ ಪದ್ಧತಿಯು ಇಂದಿಗೂ ಉಳಿದಿದೆ. ಎಂದಿಗೂ ಹಾರದ ಆ ಒಂದು ವಿಮಾನದ ದಣಿವು, ಹಾರುವ ಅಸಂಖ್ಯ ಜನರ ಪ್ರಾಣಕ್ಕೆ ಕಾವಲಾಗಿದೆ.