ಕೈ ಕಟ್ ಆದರೆ ಮಾತೂ ಕಟ್: ಕಿವಿ ಕೇಳದ ಹುಡುಗರ ವಿಡಿಯೊ

ಈ ಸಂಚಿಕೆಯನ್ನ ನೀವು ಕೇಳ್ತಿದ್ದೀರೋ, ಇಲ್ಲಿ ಓದ್ತಿದ್ದೀರೋ ಗೊತ್ತಿಲ್ಲ. ನನ್ನ ಚಿಕ್ಕಮ್ಮನ ಮಗ ಮಾತ್ರ ಓದ್ತಾನೆ. ಹುಟ್ಟಿನಿಂದ ಅವನಿಗೆ ಕಿವಿ ಕೇಳಲ್ಲ. ಅವನ ಕಾರಣಕ್ಕೇ ಈ ಬರಹರೂಪ ಶುರು ಮಾಡಿದ್ದು.

ಹುಡುಗರು ವಿಡಿಯೊ ಮಾಡ್ತಾರೆ ಅಂದ ಕೂಡಲೇ ನಮಗೆ ರೀಲ್ಸ್, ಡ್ಯಾನ್ಸ್, ಲೈಕ್ ನೆನಪಾಗುತ್ತೆ. ಅವನಿಗೆ 'ಬಸ್ ಸಿಕ್ತು, ಬರ್ತಿದೀನಿ' ಅನ್ನೋದೂ ವಿಡಿಯೊ, ಗೆಳೆಯನ ಜೊತೆ ಜಗಳವೂ ವಿಡಿಯೊ. ಟೈಪ್ ಮಾಡಬಹುದಲ್ಲೋ ಅಂತ ಒಮ್ಮೆ ನಾನೂ ಕೇಳಿದ್ದೆ. ಮಾಡ್ತಾನೆ. ಆದರೆ ಕನ್ನಡ ಅವನು ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಎರಡನೇ ಭಾಷೆ. ಅವನ ಭಾಷೆ ಭಾರತೀಯ ಸನ್ನೆ ಭಾಷೆ. ಅದಕ್ಕೆ ತನ್ನದೇ ವ್ಯಾಕರಣ ಇದೆ, ದಿನಬಳಕೆಯ ಲಿಪಿ ಇಲ್ಲ. ಹುಬ್ಬು ಏರಿಸಿದರೆ ಅದೇ ಮಾತು ಪ್ರಶ್ನೆ ಆಗಬಹುದು. ಅಕ್ಷರದಲ್ಲಿ ಇದನ್ನ ಹಿಡಿಯೋದು ಹೇಗೆ? ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಕೇಂದ್ರ 2021ರಲ್ಲಿ 10,000 ಪದಗಳಿಗೆ ಏರಿಸಿದ ನಿಘಂಟೂ ವಿಡಿಯೊ ರೂಪದಲ್ಲೇ ಇದೆ.

ಇದು ಈಗಿನ ಹುಡುಗರ ಹುಚ್ಚೇನಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಕಲಿಸಿ ಅಂತ ನಿರ್ಣಯ ಮಾಡಿತು. ಭಾಷೆಯೇ ಹೋಗಿಬಿಡುತ್ತೆ ಅನ್ನೋ ಭಯಕ್ಕೆ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಹಣ ಕೂಡಿಸಿ ಸಿನಿಮಾ ತೆಗೆಸಿತು. 1913ರಲ್ಲಿ ಜಾರ್ಜ್ ವೆಡಿಟ್ಜ್ ಸನ್ನೆಯಲ್ಲೇ ಮಾಡಿದ ಭಾಷಣದ ಚಿತ್ರ ಇವತ್ತಿಗೂ ಉಳಿದಿದೆ. ಆಗ ಅದಕ್ಕೊಂದು ಸಂಘವೇ ಬೇಕಾಯ್ತು. ನಮ್ಮಲ್ಲಿ 2016ರಲ್ಲಿ ಜಿಯೊ ಬಂತು, ಅದೇ ನವೆಂಬರ್‌ನಲ್ಲಿ ವಾಟ್ಸ್ಆ್ಯಪ್‌ಗೆ ವಿಡಿಯೊ ಕಾಲ್ ಬಂತು, ಒಂದು ಫೋನ್ ಸಾಕಾಯ್ತು.

ನಾನು ಬಿಕಾಂ ಓದಿದವನು, ಲೆಕ್ಕಕ್ಕೆ ಬರ್ತೀನಿ. ನಮ್ಮಿಬ್ಬರದ್ದೂ ಒಂದೇ ರೀಚಾರ್ಜ್: ಅನ್‌ಲಿಮಿಟೆಡ್ ಕಾಲ್, ದಿನಕ್ಕೆ ಒಂದೂವರೆ ಜಿಬಿ. ಡೇಟಾ ಮುಗಿದ್ರೆ ನಾನು ಕಾಲ್ ಮಾಡ್ತೀನಿ. ಅವನಿಗೆ ಆ ಅನ್‌ಲಿಮಿಟೆಡ್ ಇದ್ದೂ ಇಲ್ಲ. ಸಂಜೆಗೆ ಡೇಟಾ ಮುಗಿದರೆ ಮಾತೇ ಮುಗೀತು, ಮೇಲೊಂದು ಡೇಟಾ ಪ್ಯಾಕ್ ಹಾಕಿಸಬೇಕು. 2024ರ ಡಿಸೆಂಬರ್‌ನಲ್ಲಿ ಟ್ರಾಯ್, ಡೇಟಾ ಬೇಡದವರಿಗೆ ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಿ ಅಂತ ಕಂಪನಿಗಳಿಗೆ ನಿಯಮ ಮಾಡಿತು. ಒಳ್ಳೇದೇ. ಕಾಲ್ ಬೇಡದವನ ಲೆಕ್ಕವನ್ನೂ ಯಾರಾದ್ರೂ ಹಾಕಬೇಕಲ್ವಾ?

ದುಡ್ಡಿಲ್ಲದೆ ಸರಿ ಮಾಡಬಹುದಾದ್ದೂ ಇದೆ. ಹೋದ ಯುಗಾದಿಗೆ ನಮ್ಮಜ್ಜಿ ಅವನಿಗೆ ವಿಡಿಯೊ ಕಾಲ್ ಮಾಡಿದ್ರು. ಅವನಿಗೆ ಕಂಡಿದ್ದು ಬರೀ ಹಣೆ, ಹಿಂದೆ ಫ್ಯಾನು. ನಮಗೆ ಮುಖ ಕಂಡರೆ ಸಾಕು, ಅವನಿಗೆ ಸೊಂಟದಿಂದ ಮೇಲೆ ಎರಡೂ ಕೈ ಕಾಣಬೇಕು, ಬೆಳಕು ಎದುರಿನಿಂದ ಬೀಳಬೇಕು. ಫೋನ್ ಕೈಲಿ ಹಿಡಿದ್ರೆ ಅರ್ಧ ಮಾತು ಹೋಯ್ತು. ಅದಕ್ಕೇ ಅವನು ಏನಕ್ಕಾದ್ರೂ ಒರಗಿಸಿ ಇಡ್ತಾನೆ. ಅಜ್ಜಿಯೂ ಈಗ ಫೋನನ್ನ ಚೊಂಬಿಗೆ ಒರಗಿಸಿ, ಹಿಂದೆ ಸರಿದು ಕೂತು, ಊಟ ಆಯ್ತಾ ಅಂತ ಕೈಯಲ್ಲೇ ಕೇಳ್ತಾರೆ.