ಗಿರಾಕಿಗೆ ತಲಪದ ಓಲೆ

ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಇಳಕಲ್ ಸೀರೆ ಮಾರುವ ವರ್ತಕರೊಬ್ಬರನ್ನು ಊಹಿಸಿಕೊಳ್ಳಬಹುದು. ಗೌರಿ ಹಬ್ಬಕ್ಕೆ ಹದಿನೈದು ದಿನ ಮುಂಚಿತವಾಗಿ ಅವರು 4,000 ವಿಳಾಸಗಳಿಗೆ ಇ-ಮೇಲ್ ಮೂಲಕ ಬೆಲೆಪಟ್ಟಿ ಕಳುಹಿಸುತ್ತಾರೆ. ಅವುಗಳಲ್ಲಿ ಸ್ವಂತ ಗಿರಾಕಿಗಳದು 600; ಉಳಿದವು ಯಾರಿಂದಲೋ ಹಣ ತೆತ್ತು ಕೊಂಡವು. ಹಬ್ಬ ಮುಗಿದರೂ ಸೀರೆಗಳು ಕಪಾಟಿನಲ್ಲಿಯೇ ಉಳಿಯುತ್ತವೆ. ಹಾನಿ ಅಷ್ಟಕ್ಕೇ ನಿಲ್ಲದು. ತಿಂಗಳ ತರುವಾಯ ಧಾರವಾಡದ ಹಳೆಯ ಗಿರಾಕಿಯೊಬ್ಬರಿಗೆ ಕಳುಹಿಸಿದ ರಸೀತಿಯೂ 'ಸ್ಪ್ಯಾಮ್' ಎಂಬ ಕಸದ ಬುಟ್ಟಿ ಸೇರುತ್ತದೆ.

ಅಂಚೆಪೇದೆಯು ವಿಳಾಸ ನೋಡಿ ಕಾಗದ ಹಂಚುವನೇ ಹೊರತು ಕಳುಹಿಸಿದವರ ನಡತೆಯನ್ನು ವಿಚಾರಿಸುವುದಿಲ್ಲ. ಇ-ಮೇಲಿನ ವ್ಯವಸ್ಥೆ ಹಾಗಲ್ಲ. ಬ್ಯಾಂಕು ಸಾಲಗಾರನ ಹಿಂದಿನ ವ್ಯವಹಾರವನ್ನು ಪರಿಶೀಲಿಸುವಂತೆ, ಜಿಮೇಲ್ ಮೊದಲಾದವು ಕಳುಹಿಸುವವರ ಲೆಕ್ಕವಿಡುತ್ತವೆ: ಎಷ್ಟು ಓಲೆಗಳು ಇಲ್ಲದ ವಿಳಾಸಕ್ಕೆ ಹೋಗಿ ಮರಳಿದವು, ಎಷ್ಟು ಮಂದಿ ಸ್ಪ್ಯಾಮ್ ಎಂದು ದೂರಿದರು. ದೂರಿನ ಪ್ರಮಾಣ ಶೇಕಡಾ 0.3 ಮುಟ್ಟಬಾರದೆಂಬುದು ಗೂಗಲ್‌ನ ಕಟ್ಟಳೆ. ಎಂದರೆ 1,000 ಓಲೆಗಳಿಗೆ ಮೂರು ದೂರು. ಕೊಂಡು ತಂದ ಪಟ್ಟಿಯಲ್ಲಿ ಮೂವರು ಸಿಟ್ಟಾಗುವುದು ಎಷ್ಟರ ಮಾತು!

ಈ ಸಿಟ್ಟು ಇ-ಮೇಲ್ ಜಾಹೀರಾತಿನಷ್ಟೇ ಹಳೆಯದು. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿಯ ಗ್ಯಾರಿ ಥರ್ಕ್ ಎಂಬವರು ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ತಮ್ಮ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕೇಳದೆಯೇ ಆಹ್ವಾನ ಕಳುಹಿಸಿದರು. ವಿಳಾಸಗಳು ಮೇಲಿನ ಜಾಗದಲ್ಲಿ ಹಿಡಿಸದೆ ಓಲೆಯ ಒಡಲಿಗೂ ಹರಿದವು; ಜಾಲದ ಅಧಿಕಾರಿಗಳು ಆಕ್ಷೇಪವೆತ್ತಿದರು. ಇಂದಿಗೂ ಎಲ್ಲ ಗಿರಾಕಿಗಳ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ತುಂಬಿ ಕಳುಹಿಸುವ ಅಂಗಡಿಗಳುಂಟು. ಪಕ್ಕದ ಅಂಗಡಿಯವರಿಗೆ ತಮ್ಮ ಖಾತೆಪುಸ್ತಕವನ್ನೇ ಒಪ್ಪಿಸಿದಂತೆ ಅದು.

ಎರಡನೆಯ ತಪ್ಪು ಕಣ್ಣಿಗೆ ಕಾಣದು. ಅಂಗಡಿಯ ಹೆಸರಿನಲ್ಲಿ ಬಂದ ಓಲೆ ನಿಜವಾಗಿಯೂ ಅಲ್ಲಿಂದಲೇ ಬಂದಿತೇ ಎಂಬುದನ್ನು ಪರೀಕ್ಷಿಸಲು ಎಸ್‌ಪಿಎಫ್, ಡಿಕೆಐಎಂ ಎಂಬ ಏರ್ಪಾಡುಗಳಿವೆ. ಮೊದಲನೆಯದು ಯಾವ ಯಂತ್ರಗಳು ಅಂಗಡಿಯ ಪರವಾಗಿ ಕಳುಹಿಸಬಹುದೆಂಬ ಪಟ್ಟಿ. ಎರಡನೆಯದು ಬ್ಯಾಂಕಿನಲ್ಲಿರಿಸಿದ ಮಾದರಿ ಸಹಿಯಂತೆ. ಸಹಿ ತಾಳೆಯಾಗದ ಚೆಕ್ಕಿಗೆ ಆಗುವ ಗತಿಯೇ ಇಲ್ಲಿಯೂ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದರಲ್ಲಿ ಬಿಗಿಯಾಗಿವೆ. ತಂತ್ರಜ್ಞರಿಗೆ ಇದು ಅರ್ಧ ದಿನದ ಕೆಲಸ. ಆದರೂ ಹಲವರು ಮಾಡಿಸುವುದಿಲ್ಲ.

'ಇನ್ನು ಕಳುಹಿಸಬೇಡಿ' ಎನ್ನಲು ಅವಕಾಶವನ್ನೇ ಕೊಡದಿರುವುದು ಇನ್ನೊಂದು ಜಾಣತನ. ಬಾಗಿಲು ಕಾಣದವನು ದೂರಿನ ಗುಂಡಿಯನ್ನೊತ್ತುತ್ತಾನೆ. ಹೋಗುವವರನ್ನು ಹೋಗಗೊಡುವುದೇ ಅಗ್ಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಸಮ್ಮತಿಗೆ, ಅದನ್ನು ಹಿಂತೆಗೆದುಕೊಳ್ಳುವ ಹಕ್ಕಿಗೆ ಮನ್ನಣೆಯಿತ್ತಿದೆ.

ಎಷ್ಟು ಮಂದಿ ಓಲೆ ತೆರೆದರೆಂಬ ಲೆಕ್ಕವನ್ನು ನಂಬಿ ಹಿಗ್ಗುವವರೂ ಇದ್ದಾರೆ. 2021ರಿಂದ ಆಪಲ್ ಫೋನುಗಳಲ್ಲಿ, ಓದುಗರು ತೆರೆಯದಿದ್ದರೂ ಚಿತ್ರಗಳು ಮೊದಲೇ ಇಳಿಯಬಹುದಾದ್ದರಿಂದ ಆ ಸಂಖ್ಯೆ ಉಬ್ಬುತ್ತದೆ. ಅದರಿಂದ ಅಂಗಡಿಯ ಬಾಡಿಗೆ ತೀರದು. ಎಷ್ಟು ಮಂದಿ ಉತ್ತರಿಸಿದರು, ಎಷ್ಟು ಸೀರೆ ಹೋದವು ಎಂಬುದನ್ನು ಬರೆದಿಡಬೇಕು.

ಕೊನೆಯದಾಗಿ, ಇಡೀ ಓಲೆಯನ್ನು ಒಂದೇ ಚಿತ್ರವಾಗಿ ಮಾಡಿ ಕಳುಹಿಸುವ ರೂಢಿ. ಚಿತ್ರ ಮೂಡದಿದ್ದರೆ ಬೆಲೆಯೂ ಇಲ್ಲ, ದೂರವಾಣಿಯೂ ಇಲ್ಲ. ಮಧ್ಯಾಹ್ನ ಬಾಗಿಲೆಳೆಯುವ ಅಂಗಡಿಗಳಿಗೆ ಹೆಸರಾದ ಈ ಊರಿನಲ್ಲಿ, ತೆರೆಯುವ ವೇಳೆಯನ್ನಾದರೂ ಅಕ್ಷರದಲ್ಲಿ ಬರೆಯದಿದ್ದರೆ ಪಿಂಪ್ರಿಯಿಂದ ಬಂದ ಗಿರಾಕಿ ಎರಡು ಗಂಟೆಗೆ ಬೀಗ ನೋಡಿ ಮರಳುತ್ತಾರೆ.